ಬರೆದು ಕೊಡದ ಪಥ್ಯದ ಚೀಟಿ

ಮೊನ್ನೆ ನಮ್ಮ ಡಾಕ್ಟರ್ ಸಾಹೇಬರ ನೆನಪಿಗೆಂದು ಬೆಳಗಾವಿಯಲ್ಲಿ ಒಂದು ಸಭೆ ನಡೆಯಿತು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಕೈಕೆಳಗೆ ದುಡಿದವರಲ್ಲಿ ಉಳಿದವನು ನಾನೊಬ್ಬನೇ ಎಂದು ನನ್ನನ್ನೂ ಕರೆದಿದ್ದರು. ಭಾಷಣ ಮಾಡಿದವರೊಬ್ಬರು ಸಾಹೇಬರ ಕೈಗುಣ ಹೊಗಳುತ್ತ ಖಾನಾಪುರದ ಉಪ್ಪಿನಕಾಯಿ ಮುದುಕಿಯ ಕಥೆ ಹೇಳಿದರು. ಸಾಹೇಬರು ಅಷ್ಟು ಚೆಂದವಾಗಿ ಮಾಡಿದ ಆಪರೇಶನ್ನನ್ನು ಓದುಬರಹವಿಲ್ಲದ ಮುದುಕಿಯೊಬ್ಬಳು ಒಂದು ಹೋಳು ಉಪ್ಪಿನಕಾಯಿ ತಿನ್ನಿಸಿ ಕೆಡಿಸಿದಳಂತೆ. ಜನ ನಕ್ಕರು. ನಾನು ಮುಂದಿನ ಸಾಲಿನಲ್ಲಿ, ಅವರೇ ಹೊದಿಸಿದ ಶಾಲು ಹೊದ್ದು ಕುಳಿತಿದ್ದೆ.

ಉಪ್ಪಿನಕಾಯಿ ಕೊಡು ಎಂದು ಆ ಮುದುಕಿಗೆ ಹೇಳಿದವನು ನಾನು. ಖಾನಾಪುರದಲ್ಲಿ ಒಮ್ಮೆ ಐದು ಜನರ ಮುಂದೆ ಇದನ್ನು ಒಪ್ಪಿಕೊಂಡಿದ್ದೇನೆ. ಬೆಳಗಾವಿಯಲ್ಲಿ ಸಾಹೇಬರೊಬ್ಬರನ್ನು ಬಿಟ್ಟರೆ ಯಾರ ಮುಂದೆಯೂ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಅಂದು ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ. ಭಾಷಣಕಾರರ ಮೇಲೆ ನನಗೆ ಸಿಟ್ಟಿಲ್ಲ. ಯಾರೋ ಹೇಳಿದ್ದನ್ನು ಅವರು ಹೇಳಿದರು. ಆ ಸುಳ್ಳು ಇಷ್ಟು ದೂರ ನಡೆದು ಬರಲು ಬಿಟ್ಟವನ ಮೇಲೆ ಸಿಟ್ಟು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಇದು ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ಸಾಹೇಬರ ಆಸ್ಪತ್ರೆ ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಒಂದು ಹಳೆಯ ಬಂಗಲೆಯಲ್ಲಿತ್ತು. ಎಂಟು ಮಂಚ, ಹಿಂದಿನ ಕೋಣೆಯಲ್ಲಿ ಆಪರೇಶನ್ ಮೇಜು, ಅದರ ಮೇಲೆ ಬೆಳಕಿಗೆಂದು ಮಾಳಿಗೆಗೆ ಕೂಡಿಸಿದ ಗಾಜು. ನಾನು ಕಂಪೌಂಡರನೂ ಹೌದು, ಗಾಯಕ್ಕೆ ಪಟ್ಟಿ ಕಟ್ಟುವವನೂ ಹೌದು. ಮ್ಯಾಟ್ರಿಕ್ ಪಾಸಾಗಿದ್ದೆ. ಆಗ ಅದೇನು ಸಣ್ಣ ಮಾತಲ್ಲ, ಮತ್ತು ನಾನು ಅದನ್ನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಖಾನಾಪುರದ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯೊಬ್ಬರು ತಾಯಿಯೊಡನೆ ಬಂದರು. ಶಿಕ್ಷಕಿಯನ್ನು ಮರಾಠಿಯಂತೆ ಬಾಯಿ ಎನ್ನುವ ಊರವರು ಅವರನ್ನು ಬಾಯಾರು ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಮೂವತ್ತರ ಆಸುಪಾಸಿನ ವಿಧವೆ. ಎಡಗಿವಿಯ ಮುಂದೆ ದೊಡ್ಡ ಲಿಂಬೆಕಾಯಿಯಷ್ಟು ಗಂಟು. ಐದು ವರ್ಷದಿಂದ ನೋವಿಲ್ಲದೆ ಬೆಳೆದಿತ್ತು. ಊರಲ್ಲಿ ಅದು ಗಂಡಮಾಲೆ, ಅಂಟುರೋಗ ಎಂದು ಸುದ್ದಿ ಹಬ್ಬಿ, ಜನ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುತ್ತಿದ್ದರು. ಶಾಲಾ ಕಮಿಟಿಯವರು ಒಂದೂವರೆ ತಿಂಗಳ ರಜೆ ಕೊಟ್ಟಿದ್ದರು. ಅಷ್ಟರೊಳಗೆ ಮುಖ ನೆಟ್ಟಗೆ ಮಾಡಿಕೊಂಡು ಡಾಕ್ಟರರ ಸರ್ಟಿಫಿಕೇಟ್ ತಂದರೆ ಕೆಲಸ, ಇಲ್ಲದಿದ್ದರೆ ಬೇರೆಯವರು. ತಾಯಿಮಗಳಿಗೆ ಆ ಕೆಲಸ ಬಿಟ್ಟರೆ ಇನ್ನೊಂದು ಆಸರೆ ಇರಲಿಲ್ಲ.

ಸಾಹೇಬರು ಗಂಟು ಒತ್ತಿ ನೋಡಿ, ಇದು ಗಂಡಮಾಲೆಯಲ್ಲ, ಜೊಲ್ಲಿನ ಗ್ರಂಥಿಯಲ್ಲಿ ಎದ್ದ ಗಂಟು ಎಂದರು. ತೆಗೆಯಬಹುದು. ಆದರೆ ಮುಖವನ್ನು ಆಡಿಸುವ ನರ ಆ ಗ್ರಂಥಿಯೊಳಗೇ ಕೈಬೆರಳಿನಂತೆ ಕವಲೊಡೆದು ಹೋಗುತ್ತದೆ. ಒಂದು ಕವಲು ಕಡಿದರೆ ಕಣ್ಣು ಮುಚ್ಚುವುದಿಲ್ಲ, ಇನ್ನೊಂದು ಕಡಿದರೆ ಬಾಯಿ ಸೊಟ್ಟಗಾಗುತ್ತದೆ.

"ಬಾಯಿ ಸೊಟ್ಟಾದ್ರ ಪಾಠ ಹೇಳಾಕ ಬರತೈತೇನ್ರಿ?" ಎಂದು ಬಾಯಾರು ಕೇಳಿದರು.

"ಹೇಳಬಹುದು. ಹುಡಿಗ್ಯಾರು ನಗತಾವು."

"ಈಗ ಹೆದರತಾವ್ರಿ. ಅದಕ್ಕಿಂತ ನಕ್ಕರ ಪಾಡ."

ಆಗಿನ ಕಾಲದಲ್ಲಿ ಇಂಥ ಗಂಟನ್ನು ಕೆನ್ನೆಯ ಮೇಲೇ ನೆಟ್ಟಗೆ ಕೊಯ್ದು ತೆಗೆಯುತ್ತಿದ್ದರು. ಗಂಟು ಹೋಗಿ ಬರೆ ಉಳಿಯುತ್ತಿತ್ತು. ಸಾಹೇಬರ ರೀತಿ ಬೇರೆ. ಕಿವಿಯ ಮುಂದಿನ ಮಡಿಕೆಯಲ್ಲೇ ಚೂರಿ ಇಟ್ಟು, ಹಾಲೆಯನ್ನು ಸುತ್ತಿ ಬಳಸಿ, ಹಿಂದೆ ಕೂದಲೊಳಗೆ ಒಯ್ಯುತ್ತಿದ್ದರು. ಚರ್ಮವನ್ನು ಪುಸ್ತಕದ ಹಾಳೆಯಂತೆ ಮುಂದಕ್ಕೆ ಮಗುಚಿ ಒಳಗೆ ಕೆಲಸ. ಇನ್ನೊಬ್ಬ ವೈದ್ಯರು ಕ್ಲೋರೋಫಾರ್ಮ್ ಕೊಡುತ್ತಿದ್ದರು. ನನ್ನ ಪಾಲಿನದು ಮುಖ ನೋಡುವ ಕೆಲಸ. ಬೇರೆ ಕಡೆ ರೋಗಿಯ ಮುಖಕ್ಕೆ ಬಟ್ಟೆ ಮುಚ್ಚುತ್ತಿದ್ದರು. ನಮ್ಮಲ್ಲಿ ಕಣ್ಣು ಮತ್ತು ಬಾಯಿಯ ಕಡೆಯ ಅರ್ಧ ಮುಖ ತೆರೆದೇ ಇರುತ್ತಿತ್ತು. ಚಿಮಟ ನರದ ಹತ್ತಿರ ಸುಳಿದರೆ ರೆಪ್ಪೆಯೋ ತುಟಿಯ ತುದಿಯೋ ಅದುರುತ್ತದೆ. ಅದುರಿದ ಕೂಡಲೇ ನಾನು ಹೇಳಬೇಕು, ಸಾಹೇಬರು ಕೈ ನಿಲ್ಲಿಸಬೇಕು. ಎರಡು ತಾಸು ನಾನು ಆ ಮುಖದಿಂದ ಕಣ್ಣು ತೆಗೆಯಲಿಲ್ಲ. ಎರಡು ಸಲ "ತುಟಿ" ಎಂದೆ, ಒಂದು ಸಲ "ಕಣ್ಣು" ಎಂದೆ. ಮೂರು ಸಲವೂ ಅವರು ದಾರಿ ಬದಲಿಸಿದರು. ಗಂಟು ಇಡಿಯಾಗಿ ಹೊರಬಂತು, ಒಂದಿಷ್ಟು ಗ್ರಂಥಿ ಒಳಗೆ ಉಳಿಯಿತು. ಅಂದಿನ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಅದೇ ಕೈ, ಅದೇ ಕಣ್ಣು, ಒಂದು ವಾರದಲ್ಲಿ ಏನು ಮಾಡಿತು ಎಂದು ನೆನೆದರೆ ಇಂದಿಗೂ ಹಲ್ಲು ಕಚ್ಚುತ್ತೇನೆ.

ಹೊಲಿಗೆ ಹಾಕಿದ್ದು ಕುದುರೆಯ ಬಾಲದ ಕೂದಲಿನಿಂದ. ಸಾಬೂನಿನಲ್ಲಿ ತೊಳೆದು, ಕುದಿಸಿ, ಸ್ಪಿರಿಟ್ಟಿನಲ್ಲಿ ಇಟ್ಟಿರುತ್ತಿದ್ದೆವು. ರೇಷ್ಮೆಯಂತೆ ಅದು ಹಸಿ ಹೀರುವುದಿಲ್ಲ. ಬೇಗ ಬಿಚ್ಚಿದರೆ ಗುರುತೂ ಉಳಿಯುವುದಿಲ್ಲ. ಎಚ್ಚರವಾದ ಮರುದಿನ ಬಾಯಾರು ಕನ್ನಡಿ ಕೇಳಿ, ಕಣ್ಣು ಮುಚ್ಚಿ ತೆರೆದು, ತುಟಿ ಜಗ್ಗಿ ನೋಡಿಕೊಂಡರು. ಎಲ್ಲ ಸರಿಯಿತ್ತು. ಆಮೇಲೆ ಹೊಲಿಗೆ ನೋಡಿ, "ಇದು ಯಾವ ಕುದರಿದ್ರಿ?" ಎಂದರು.

"ಟಾಂಗಾದ್ದು," ಎಂದೆ.

"ಹಂಗಾದ್ರ ಚಾಬೂಕಿಗೆ ನಾನೂ ಹೆದರಬೇಕಾತು," ಎಂದು, ಹೊಲಿಗೆ ಜಗ್ಗೀತೆಂದು ಅರ್ಧ ತುಟಿಯಲ್ಲೇ ನಕ್ಕರು.

ಎರಡನೆಯ ದಿನ ಸಾಹೇಬರು ಮಂಚದಿಂದ ಮಂಚಕ್ಕೆ ಬರುತ್ತಿದ್ದರು. ನಾನು ಪಕ್ಕದ ರೋಗಿಯ ಕಾಲಿನ ಹುಣ್ಣು ಒರೆಸಿ, ಹಾಗೆಯೇ ಬಾಯಾರ ಪಟ್ಟಿಗೆ ಕೈ ಹಾಕಿದೆ. ಅವರು ತಲೆ ಹಿಂದೆ ಎಳೆದುಕೊಂಡರು. "ಕಂಪೌಂಡರ್ ಸಾಹೇಬ್ರ, ಈಗ ಆ ಹುಣ್ಣ ಮುಟ್ಟಿದ್ರಿ. ಕೈ ತೊಳಕೊಂಡಿದ್ದು ನಾ ನೋಡಲಿಲ್ಲ."

ಸಾಹೇಬರು ತಿರುಗಿದರು. "ಬಾಯಾರ ಕಡೆ ಕಲಕೋರಿ. ನಿಮಗೂ ಒಂದು ಸಾಲಿ ತಗೀಬೇಕಾಗೇತಿ."

ಎಂಟು ಮಂಚದವರೂ ನಕ್ಕರು. ಹುಣ್ಣಿನವನಂತೂ ನೋವು ಮರೆತು ನಕ್ಕ. ನಾನು ಕೈ ತೊಳೆದು ಬಂದು ಪಟ್ಟಿ ಕಟ್ಟಿದೆ. ಅವರು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಸರಿಯಾಗಿದ್ದುದಕ್ಕೇ ಹೆಚ್ಚು ಉರಿಯಿತು. ಒಬ್ಬ ಹೆಂಗಸು, ಅದರಲ್ಲೂ ಗಂಡ ಸತ್ತವಳು, ಖಾನಾಪುರದಲ್ಲಿ ಅಂಕಿ ತಿದ್ದಿಸುವವಳು, ಮ್ಯಾಟ್ರಿಕ್ ಆದ ನನಗೆ ಪಾಠ ಹೇಳುವುದೇ. ನನ್ನ ತಲೆಯೊಳಗೆ ಓಡಿದ ಮಾತು ಇದು. ಇಂದು ನಾಚಿಕೆಯಾಗುತ್ತದೆಂದು ಇದನ್ನು ತಿದ್ದಿ ಬರೆಯಲಾರೆ.

ಮೂರನೆಯ ದಿನ ಒಂದು ಬಿಟ್ಟು ಒಂದು ಹೊಲಿಗೆ, ಐದನೆಯ ದಿನ ಉಳಿದವು ಬಿಚ್ಚಿದೆವು. ಗಾಯ ಕೂದಲೆಳೆಯಷ್ಟು ಸಣ್ಣಗೆ ಕೂಡಿತ್ತು. ಸಾಹೇಬರು ಮನೆಯ ಕೆಲಸಕ್ಕೆ ಪುಣೆಗೆ ಹೊರಟಿದ್ದರು. ಹೊರಡುವಾಗ ನನ್ನನ್ನು ಕರೆದು ಹೇಳಿದರು: "ನಾಳೆ ಬಾಯಾರನ್ನ ಕಳಸ್ರಿ. ಮೂರು ವಾರ ಹುಳಿ ಬ್ಯಾಡ. ಹುಣಸಿ, ಲಿಂಬಿ, ಆಮಸೋಲು, ಮಜ್ಜಿಗಿ, ಏನೂ ಬ್ಯಾಡ. ಅಗದು ತಿನ್ನೋದೂ ಬ್ಯಾಡ. ಗ್ರಂಥಿ ಅರ್ಧ ಒಳಗೈತಿ. ಹುಳಿ ಬಿದ್ರ ನೀರು ಸುರಸತೈತಿ, ಹೋಗಾಕ ದಾರಿ ಇಲ್ಲ, ಹೊಸ ಗಾಯ ಒಡದು ಹೊರಗ ಬರತೈತಿ. ಇಷ್ಟೂ ಒಂದು ಚೀಟಿ ಬರದು ಬಾಯಾರ ಕೈಯಾಗ ಕೊಡ್ರಿ. ಕಾರಣಾನೂ ಬರೀರಿ. ಆಕಿ ಕಾರಣ ಕೇಳೋ ಪೈಕಿ."

ಮರುದಿನ ಬೆಳಿಗ್ಗೆ ಕಾಗದ ಮುಂದಿಟ್ಟುಕೊಂಡು ಟಾಕು ಮಸಿಯಲ್ಲಿ ಅದ್ದಿದೆ. ನನ್ನ ಬರಹವನ್ನು ಅವರು ಓದುವುದು, ಓದಿ ಇನ್ನೊಂದು ಪ್ರಶ್ನೆ ಕೇಳುವುದು ಕಣ್ಣಿಗೆ ಕಟ್ಟಿತು. ಟಾಕು ಒರೆಸಿಟ್ಟೆ. ಕೇಳಿದರೆ ಹೇಳಿದರಾಯಿತು ಎಂದುಕೊಂಡೆ.

ಕೇಳಿದ್ದು ತಾಯಿ. ಬಾಯಾರು ಹೊರಗೆ ಟಾಂಗಾದಲ್ಲಿ ಕುಳಿತಿದ್ದರು. ಮುದುಕಿ ಔಷಧದ ಕಿಟಕಿಗೆ ಬಂದು, "ಪಥ್ಯ ಏನರ ಐತೇನ್ರಿ? ಏನ ಕೊಡಲಿ?" ಎಂದಳು.

"ರೋಗಿಗೆ ಏನ ಕೊಡ್ತೀರಿ ಮನ್ಯಾಗ? ನನ್ನ ಕೇಳಬೇಕೇನು?"

"ಗಂಜಿ ಕೊಡತೀವ್ರಿ. ಜೋಡಿ ಹಳೇ ಲಿಂಬಿಕಾಯಿ ಉಪ್ಪಿನಕಾಯಿ. ಕೊಡಲೇನ್ರಿ?"

"ಕೊಡ್ರಿ. ಅದ ಪಥ್ಯ."

ಜ್ವರದಿಂದ ಎದ್ದವರಿಗೆ, ಹೆತ್ತವರಿಗೆ, ಯಾರಿಗಾದರೂ ನಮ್ಮ ಕಡೆ ಮೊದಲ ಊಟ ಅದೇ. ಮೂರು ವರ್ಷದ, ಕಪ್ಪಗಾದ ಉಪ್ಪಿನಕಾಯಿಯನ್ನು ರೋಗಿಗೆಂದೇ ಜಾಡಿಯಲ್ಲಿ ಎತ್ತಿಟ್ಟಿರುತ್ತಾರೆ. ನನಗೆ ಸಾಹೇಬರ ಮಾತು ಮರೆತಿತ್ತೇ? ಇಲ್ಲ. ಹನ್ನೆರಡು ತಾಸು ಕೂಡ ಆಗಿರಲಿಲ್ಲ. ಒಂದು ಹೋಳಿನಿಂದ ಏನಾದೀತು ಎಂದುಕೊಂಡೆ. ಆ ಜಂಬದ ಹೆಂಗಸಿಗೆ ಒಂದಿಷ್ಟು ತ್ರಾಸಾದರೆ ಆಗಲಿ ಎಂದೂ ಒಳಗೆಲ್ಲೋ ಅಂದುಕೊಂಡೆ. ಇದನ್ನು ನಾನು ಖಾನಾಪುರದಲ್ಲೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಆರು ದಿನಕ್ಕೆ ತಾಯಿಮಗಳು ಮರಳಿ ಬಂದರು. ಸಾಹೇಬರು ಹಿಂದಿನ ದಿನವಷ್ಟೇ ಪುಣೆಯಿಂದ ಬಂದಿದ್ದರು. ಹಾಲೆಯ ಕೆಳಗೆ ಗಾಯ ಉಬ್ಬಿ, ಸೂಜಿಮೊನೆಯಷ್ಟು ತೂತು ಬಿದ್ದು, ಅದರಿಂದ ತಿಳಿನೀರು ಒಸರುತ್ತಿತ್ತು. "ಊಟಕ್ಕ ಕುಂತ್ರ ಕುಪ್ಪಸ ತೊಯ್ತೈತ್ರಿ," ಎಂದರು ಬಾಯಾರು. ಅವರ ದನಿ ಸಣ್ಣದಾಗಿದ್ದು ನಾನು ಕೇಳಿದ್ದು ಅದೇ ಮೊದಲು. ಸಾಹೇಬರು ಲಿಂಬೆಯ ಹೋಳೊಂದನ್ನು ನಾಲಿಗೆಗೆ ಮುಟ್ಟಿಸಿದರು. ತೂತಿನಿಂದ ಹನಿ ಹನಿಯಾಗಿ ನೀರು ಇಳಿದು ಕೊರಳಿಗೆ ಬಂತು.

"ಏನ ಕೊಟ್ಟಿ ಮುದುಕಿ ಈಕಿಗೆ?"

"ಗಂಜಿರಿ. ಉಪ್ಪಿನಕಾಯ್ರಿ."

"ಉಪ್ಪಿನಕಾಯಿ." ಸಾಹೇಬರ ಮುಖ ಕೆಂಪಾಯಿತು. "ಯಾರ ಹೇಳಿದ್ರು ಕೊಡು ಅಂತ?"

ಮುದುಕಿ ನನ್ನ ಕಡೆ ನೋಡಿದಳು. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಆಮೇಲೆ ನೆಲ ನೋಡಿದಳು. "ಯಾರೂ ಹೇಳಿಲ್ರಿ. ನನಗ ತಿಳೀಲಿಲ್ಲ."

"ಚೀಟಿ ಕೊಟ್ಟಿದ್ರಿಲ್ಲೋ?" ಸಾಹೇಬರು ನನ್ನನ್ನು ಕೇಳಿದರು.

"ಕೊಟ್ಟಿದ್ದೆರಿ. ಅವ್ವಾರ ಕೈಯಾಗ ಕೊಟ್ಟಿದ್ದೆ."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಮುದುಕಿ ಸೆರಗಿನ ತುದಿ ತಿರುವುತ್ತ, "ಎಲ್ಲೋ ಕಳಕೊಂಡ್ನೇನೋ," ಎಂದಳು.

ಸಾಹೇಬರು ಅವಳನ್ನು ಎಂಟು ಮಂಚದವರ ಮುಂದೆ ಬೈದ ಮಾತುಗಳನ್ನು ಬರೆಯುವುದಿಲ್ಲ. ಬಾಯಾರು ಬೈಯಲಿಲ್ಲ. "ಅವ್ವಾ, ಚೀಟಿ ನನ್ನ ಕೈಯಾಗ ಯಾಕ ಕೊಡಲಿಲ್ಲ?" ಎಂದರು. ಅಂದಿನಿಂದ ಮಗಳು ತಾಯಿಯ ಕೂಡ ಮಾತು ಬಿಟ್ಟರು.

ನೀರು ಗ್ರಂಥಿಯಿಂದ ಬರುತ್ತಿದ್ದರೆ ಒತ್ತುಪಟ್ಟಿಯಿಂದ ಒಣಗಬಹುದು; ಜೊಲ್ಲಿನ ನಾಳವೇ ಒಡೆದಿದ್ದರೆ ಮತ್ತೆ ಕೊಯ್ಯಬೇಕು, ಈ ಸಲ ಕೆನ್ನೆಯ ಮೇಲೇ ಕೊಯ್ಯಬೇಕು ಎಂದರು ಸಾಹೇಬರು. ಮೂರು ವಾರ ನೋಡೋಣ ಎಂದು ಒಂದು ದಿನ ಬಿಟ್ಟು ಒಂದು ದಿನ ನನ್ನನ್ನು ಬೆಳಗಿನ ರೈಲಿಗೆ ಖಾನಾಪುರಕ್ಕೆ ಅಟ್ಟಿದರು. ತೂತಿನ ಬಾಯಿ ಸುಟ್ಟು ಮುಚ್ಚಲೆಂದು ಕಾಸ್ಟಿಕ್ ಕಡ್ಡಿ ಮುಟ್ಟಿಸುವುದು, ಅದರ ಮೇಲೆ ಹತ್ತಿಯ ಗಟ್ಟಿ ದಿಂಬು, ಗದ್ದದ ಕೆಳಗಿನಿಂದ ನೆತ್ತಿಗೆ, ನೆತ್ತಿಯಿಂದ ಹಿಂದಲೆಗೆ ಪಟ್ಟಿ. ಜೊಲ್ಲು ಕಡಿಮೆಯಾಗಲು ಬೆಲ್ಲಡೋನಾ ಹನಿ.

ಯಾವುದೂ ನಿಲ್ಲಲಿಲ್ಲ. ಬಿಗಿಯಾಗಿ ಕಟ್ಟಿದರೆ ರೆಪ್ಪೆ ಬಾತು, ಗಾಯದ ಅಂಚು ಕಪ್ಪಗಾಗುತ್ತಿತ್ತು. ಸಡಿಲಿಸಿದರೆ ನಾನು ಸ್ಟೇಷನ್ ಮುಟ್ಟುವುದರೊಳಗೆ ಪಟ್ಟಿ ಜಾರುತ್ತಿತ್ತು. ಬೆಲ್ಲಡೋನಾ ಹೆಚ್ಚಾದ ದಿನ ಬಾಯಾರ ನಾಲಿಗೆ ಒಣಗಿ ಅಂಟಿಕೊಂಡಿತು, ಪುಸ್ತಕದ ಅಕ್ಷರ ಮಸುಕಾದವು. ಎಲ್ಲಕ್ಕಿಂತ ಕೆಟ್ಟದ್ದು ಅಡುಗೆಯದು. ತಾಯಿಯ ಕೈಯ ಊಟ ಬೇಡವೆಂದು ಬಾಯಾರು ತಾವೇ ಒಲೆಯ ಮುಂದೆ ಕುಳಿತು ಬೇಯಿಸಿಕೊಳ್ಳುತ್ತಿದ್ದರು. ಕೆಮ್ಮು, ಬೆವರು, ಒಗ್ಗರಣೆಯ ವಾಸನೆ. ವಾಸನೆಗೇ ದಿಂಬು ತೊಯ್ದದ್ದನ್ನು ನಾನು ಕಣ್ಣಾರೆ ಕಂಡೆ. ಮುದುಕಿ ಪಡಸಾಲೆಯ ಮೂಲೆಯಲ್ಲಿ ತನ್ನ ಮನೆಯಲ್ಲೇ ಪರಕೀಯಳಂತೆ ಕುಳಿತಿರುತ್ತಿದ್ದಳು. ನನಗೆ ಮಾತ್ರ ತಪ್ಪದೆ ನೀರು ತಂದು ಕೊಡುತ್ತಿದ್ದಳು. ಆ ತಂಬಿಗೆಯನ್ನು ಕಂಡರೆ ಸಿಟ್ಟು ಬರುತ್ತಿತ್ತು. ಇವಳೇಕೆ ಹೇಳಿಬಿಡುವುದಿಲ್ಲ, ಹೇಳಿ ನನ್ನನ್ನು ಬಿಡಿಸಬಾರದೇ ಎಂದು ಅವಳ ಮೇಲೇ ಸಿಟ್ಟಾಗುತ್ತಿದ್ದೆ. ಹೇಡಿಯ ಸಿಟ್ಟು ಹೀಗೇ ಇರುತ್ತದೆ.

ಹನ್ನೊಂದನೆಯ ದಿನ ಹೋದಾಗ ತೂತು ದೊಡ್ಡದಾಗಿತ್ತು. ಮುಂದಿನ ವಾರ ಕೆನ್ನೆ ಕೊಯ್ಯುವ ಮಾತನ್ನು ಸಾಹೇಬರು ಆಗಲೇ ಆಡಿದ್ದರು. ನಾನು ದಿಂಬು ಬದಲಿಸುತ್ತ, "ಒಲಿ ಮುಂದ ಕುಂದರಬ್ಯಾಡ್ರಿ. ಅವ್ವಾರ ಕಡೆ ಮಾಡಿಸಿ ಉಣ್ಣರಿ," ಎಂದೆ.

"ಆಕಿ ಕೈಯಾಗಿಂದು ಒಮ್ಮೆ ಉಂಡು ಈ ಗತಿ ಬಂದೇತ್ರಿ."

ನನ್ನ ಕೈ ನಿಂತಿತು. ಇನ್ನು ಹೇಳದಿದ್ದರೆ ಈ ಮುಖ ಉಳಿಯುವುದಿಲ್ಲ ಎಂಬುದು ಸ್ಪಷ್ಟವಿತ್ತು. ಧರ್ಮ ನೆನಪಾಗಿ ಹೇಳಿದೆನೆಂದು ಬರೆದರೆ ಅದೂ ಸುಳ್ಳಾದೀತು. ಪಟ್ಟಿ ಕೈಯಲ್ಲಿ ಹಿಡಿದೇ ಹೇಳಿದೆ: "ಚೀಟಿ ನಾ ಬರೀಲಿಲ್ರಿ. ಅವ್ವಾರಿಗೆ ಕೊಡಲೂ ಇಲ್ಲ. ಉಪ್ಪಿನಕಾಯಿ ಕೊಡ್ರಿ ಅಂತ ಹೇಳಿದಾಂವ ನಾನ."

ಬಾಯಾರು ತಲೆ ಹಿಂದೆ ಎಳೆದುಕೊಂಡರು. "ಯಾಕ ಬರೀಲಿಲ್ಲ?"

"ಎಲ್ಲಾರ ಮುಂದ ಕೈ ತೊಳಕೋ ಅಂದ್ರಿ. ಸಿಟ್ಟಿತ್ತು."

ಅವರು ನನ್ನ ಕೈಯಿಂದ ಪಟ್ಟಿ ಕಸಿದುಕೊಂಡು ತಾಯಿಯ ಕಡೆ ತಿರುಗಿದರು. "ಅವ್ವಾ, ನೀ ಯಾಕ ಹೇಳಲಿಲ್ಲ?"

ಮುದುಕಿ ನನಗೇ ಉತ್ತರ ಕೊಟ್ಟಳು. "ನನ್ನ ಮಗಳ ಮಾರಿ ನಿಮ್ಮ ಕೈಯಾಗ ಇತ್ತಲ್ರಿ. ನಾ ಹೇಳಿ, ನಿಮಗ ಬೈಗುಳ ಬಿದ್ದು, ನಿಮಗ ಇನ್ನಷ್ಟು ಸಿಟ್ಟು ಬಂದ್ರ ಆ ಪಟ್ಟಿ ಹೆಂಗ ಕಟ್ಟತಿದ್ರಿ?"

ಬಾಯಾರು ಪೆಟ್ಟಿಗೆಯಿಂದ ಕಾಗದ, ದೌತಿ ತಂದು ನನ್ನ ಮುಂದಿಟ್ಟರು. "ಅಂದು ಬರೀಲಾರದ್ದನ್ನ ಈಗ ಬರೀರಿ. ಕಾರಣಾ ಸಹಿತ." ನೆಲದ ಮೇಲೆ ಕುಳಿತು ಬರೆದೆ. ಅವರು ಅದನ್ನು ತಾಯಿಗೆ ಜೋರಾಗಿ ಓದಿ ಹೇಳಿದರು. ಓದಿ ಮುಗಿಸಿ, "ಇನ್ನ ನೀವು ನನ್ನ ಮುಟ್ಟಬ್ಯಾಡ್ರಿ. ಪಟ್ಟಿ ಕಟ್ಟೋದು ನಮ್ಮವ್ವಗ ಕಲಸರಿ," ಎಂದರು.

ನನ್ನದೇ ತಲೆಗೆ ಪಟ್ಟಿ ಕಟ್ಟಿಕೊಂಡು ತೋರಿಸಿ ಮುದುಕಿಗೆ ಕಲಿಸಿದೆ. ಮೊದಲ ಸುತ್ತಿಗೇ ಅವಳು ನನ್ನ ತಪ್ಪು ಹಿಡಿದಳು. ಅವಳು ಶಹಾಪುರದ ನೇಕಾರರ ಮನೆಯ ಮಗಳು. ಮಗ್ಗದ ಬಾಜುವಿನಲ್ಲೇ ಬೆಳೆದವಳು. "ನೀವು ಗದ್ದದ ಬುಡಕ ಜಗ್ಗತೀರಿ, ನೆತ್ತಿ ಮ್ಯಾಲ ಸಡ್ಲ ಬಿಡತೀರಿ. ನೂಲಿಗೆ ಎಲ್ಲಾ ಕಡೆ ಒಂದ ಬಿಗಿ ಇರಬೇಕ್ರಿ. ಒಂದ ಎಳಿ ಜಗ್ಗಿದ್ರ ಸೀರಿ ಮುದುಡತೈತಿ." ನಾನು ಮುಂದಿನ ಸಲ ಹೋಗುವಷ್ಟರಲ್ಲಿ ಅವಳು ಇನ್ನೊಂದು ಉಪಾಯ ಮಾಡಿದ್ದಳು. ನೂಲಿಗೆ ಹಾಕುವ ಗಂಜಿಯನ್ನು ತೆಳ್ಳಗೆ ಕಾಸಿ, ಪಟ್ಟಿಯ ಮೇಲಿನ ಸುತ್ತಿಗೆ ಬೆರಳಿನಿಂದ ಸವರಿದ್ದಳು. ಅದು ಒಣಗಿ ತೆಳುವಾದ ಚಿಪ್ಪಿನಂತೆ ಕೂತಿತ್ತು. ಒಳಗೆ ಮೆತ್ತಗೆ, ಹೊರಗೆ ಗಟ್ಟಿ. ಜಾರಲಿಲ್ಲ, ಹಿಸುಕಲಿಲ್ಲ. ನಾನು ದೂರದಲ್ಲಿ ಕೂತು ರೆಪ್ಪೆಯ ಬಾವು, ಅಂಚಿನ ಬಣ್ಣ ನೋಡಿ ಹೇಳುತ್ತಿದ್ದೆ, ಕಟ್ಟುವುದು ಅವಳು. ಹತ್ತು ದಿನ ಹಾಲು, ರವೆಯ ತೆಳು ಪಾಯಸ, ಹೆಸರುಬೇಳೆಯ ಸಪ್ಪೆ ಕಟ್ಟು ಅಷ್ಟೇ. ಒಗ್ಗರಣೆ ಇಲ್ಲ, ದವಡೆ ಆಡಬಾರದೆಂದು ಮಾತೂ ಇಲ್ಲ. ಬೇಕಾದದ್ದನ್ನು ಬಾಯಾರು ಪಾಟಿಯ ಮೇಲೆ ಬರೆಯುತ್ತಿದ್ದರು. ತಾಯಿಗೆ ಓದಲು ಬಾರದ್ದರಿಂದ ಚಿತ್ರ ಬರೆಯುತ್ತಿದ್ದರು. ಒಂದು ದಿನ ಪಾಟಿಯ ಮೇಲೆ ಕುದುರೆ ಇತ್ತು. ಮುದುಕಿ ನನ್ನ ಕಡೆ ಬೆರಳು ತೋರಿಸಿ, "ಇವರೇನು?" ಎಂದಳು. ಬಾಯಾರು ಕುದುರೆಯ ಕಿವಿ ಉದ್ದ ಮಾಡಿ ಕತ್ತೆ ಮಾಡಿದರು.

ಏಳನೆಯ ದಿನಕ್ಕೆ ದಿಂಬು ಅರ್ಧ ಒಣಗಿತ್ತು. ಹತ್ತನೆಯ ದಿನ ಪೂರ್ತಿ ಒಣಗಿತ್ತು. ತೂತು ಮುಚ್ಚಿ, ಸಾಸಿವೆಕಾಳಿನಷ್ಟು ಕೆಂಪು ಕಲೆ ಉಳಿಯಿತು. ಸಾಹೇಬರು ಬೆಳಗಾವಿಗೆ ಕರೆಸಿ, ಭೂತಗನ್ನಡಿ ಹಿಡಿದು ನೋಡಿ ಬಹಳ ಖುಷಿಪಟ್ಟರು. ಸರ್ಟಿಫಿಕೇಟನ್ನು ಇಂಗ್ಲಿಷಿನಲ್ಲಿ ಬರೆದು, ಕಮಿಟಿಯ ದಿನ ನೀವೇ ಒಯ್ಯಿರಿ ಎಂದು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ರೋಗ ಅಂಟುವಂಥದ್ದಲ್ಲ, ಪೂರ್ಣ ಗುಣವಾಗಿದೆ ಎಂದಿತ್ತು. ಕೆಳಗೆ, ಲಿಖಿತ ಸೂಚನೆ ಕೊಟ್ಟಿದ್ದರೂ ರೋಗಿಯ ಮನೆಯವರು ಅದನ್ನು ಮೀರಿದ್ದರಿಂದ ನಡುವೆ ತೊಂದರೆಯಾಯಿತು ಎಂದೂ ಇತ್ತು.

ಆ ಸಾಲು ತೆಗೆಯಿರಿ ಎಂದೆ. ಯಾಕೆಂದು ಕೇಳಿದರು. ಎಲ್ಲ ಹೇಳಿದೆ.

ಸಾಹೇಬರಿಗೆ ಆಶ್ಚರ್ಯವಾಗಲಿಲ್ಲ. "ಅವತ್ತ ನನಗ ಸಂಶಯ ಬಂದಿತ್ತು," ಎಂದರು. "ಆದ್ರ ನೀರು ಸೋರಿದ ಸುದ್ದಿ ಊರತುಂಬ ಆಗೇತಿ. ಯಾರ ತಪ್ಪು ಅಂತ ಜನ ಕೇಳತಾರ. ಆಸ್ಪತ್ರಿ ಹೆಸರು ದೊಡ್ಡದೋ, ಒಂದು ಮುದುಕಿ ಹೆಸರು ದೊಡ್ಡದೋ?"

"ಕಮಿಟಿಯವರು ಕೆಲಸಾ ಕಳೀತಾರ್ರಿ."

"ನೀವ ಹೋಗಿ ಖಾನಾಪುರದಾಗ ಬೇಕಾದ್ದು ಹೇಳಿಕೋರಿ. ಬೆಳಗಾವ್ಯಾಗ ಹೇಳಿದ್ರ ಈ ಮೆಟ್ಟಲಾ ಹತ್ತಬ್ಯಾಡ್ರಿ."

ಸಂಶಯ ಬಂದಿದ್ದರೂ ಆ ಮನುಷ್ಯ ಮುದುಕಿಯನ್ನು ಹಾಗೆ ಬೈದಿದ್ದ. ಅವರ ಕೈಯನ್ನು ನಾನು ಇಂದಿಗೂ ಗೌರವಿಸುತ್ತೇನೆ; ಆ ಮಾತನ್ನು ಇಂದಿಗೂ ಕ್ಷಮಿಸಿಲ್ಲ. ಆದರೂ "ಆತು" ಎಂದೆ. ಎಂದವನು ಮೂವತ್ತು ವರ್ಷ ಆ ಮೆಟ್ಟಿಲು ಹತ್ತಿದೆ. ಹೊಸ ರೋಗಿಗಳಿಗೆ ಪಥ್ಯ ಹೇಳುವಾಗ ಸಾಹೇಬರು ಉಪ್ಪಿನಕಾಯಿ ಮುದುಕಿಯ ಕಥೆ ಹೇಳುತ್ತಿದ್ದರು, ಮತ್ತು ನಾನು ಪಕ್ಕದಲ್ಲಿ ನಿಂತು, ಎಷ್ಟೋ ಸಲ, ನಕ್ಕಿದ್ದೇನೆ.

ಕಮಿಟಿ ಶಾಲೆಯ ದೊಡ್ಡ ಕೋಣೆಯಲ್ಲಿ ಕೂಡಿತ್ತು. ಐದು ಜನ. ಬಾಯಾರಿಗೆ ಒಂದು ಪಾಠ ಓದಲು ಹೇಳಿದರು. ಓದುತ್ತಿರುವಾಗ ಇಬ್ಬರು ಬಾಗಿ ಕೆನ್ನೆಯನ್ನೇ ನೋಡುತ್ತಿದ್ದರು, ದನ ಕೊಳ್ಳುವವರ ಹಾಗೆ. "ಇತ್ಲಾಗ ತಿರಗ್ರಿ," ಎಂದರು ಒಬ್ಬರು. ಬಾಯಾರು ತಿರುಗಿದರು, ಓದು ನಿಲ್ಲಿಸಲಿಲ್ಲ. ಇನ್ನೊಬ್ಬರು ಮರಾಠಿಯಲ್ಲಿ, ಕೊಯ್ದದ್ದು ಎಲ್ಲಿ, ಕಾಣುವುದೇ ಇಲ್ಲವಲ್ಲ ಎಂದರು.

ಅಧ್ಯಕ್ಷರು ಸರ್ಟಿಫಿಕೇಟ್ ಓದಿದರು. ಕೆಳಗಿನ ಸಾಲಿಗೆ ಬಂದು ನಿಂತರು. "ಬರದು ಕೊಟ್ಟಿದ್ದನ್ನ ಪಾಲಸಲಾರದ ಬಾಯಾರು ನಮ್ಮ ಹುಡಿಗ್ಯಾರಿಗೆ ಏನ ಕಲಸತಾರ?"

ಬಾಗಿಲ ಹೊರಗೆ ನಿಂತಿದ್ದ ಮುದುಕಿ ಕೂಡಲೇ ಒಳಗೆ ಬಂದಳು. "ತಪ್ಪು ನಂದ್ರಿ. ಮಗಳದಲ್ಲ. ನಾ ಓದಿದಾಕಿ ಅಲ್ಲ."

ಅವಳು ಇನ್ನೊಮ್ಮೆ ನನ್ನ ತಪ್ಪನ್ನು ಹೊತ್ತಳು. ಎದ್ದು ನಿಂತೆ. ಹಿಂದಿನ ದಿನ ನಾನೇ ಬರೆದು ಸಹಿ ಮಾಡಿದ್ದ ಕಾಗದ ಕಿಸೆಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟೆ. "ಚೀಟಿ ಯಾರಿಗೂ ಕೊಟ್ಟಿಲ್ರಿ. ಕೊಡೋದು ನನ್ನ ಕೆಲಸ ಇತ್ತು, ನಾ ಕೊಡಲಿಲ್ಲ. ಉಪ್ಪಿನಕಾಯಿ ಕೊಡ್ರಿ ಅಂದಾಂವ ನಾನ."

ಅಧ್ಯಕ್ಷರು ಎರಡೂ ಕಾಗದ ಅಕ್ಕಪಕ್ಕ ಇಟ್ಟುಕೊಂಡರು. "ಡಾಕ್ಟರು ಒಂದು ಅಂತಾರ, ಕಂಪೌಂಡರು ಒಂದು ಅಂತಾನ. ಯಾವುದು ಖರೇ?"

"ನಂದು ಖರೇರಿ."

"ನಿನಗೇನು ಲಾಭ?"

"ಏನೂ ಇಲ್ರಿ."

"ಹಂಗಾದ್ರ ಖರೇ ಇರಬೇಕು," ಎಂದು ಅವರು ಪಕ್ಕದವರನ್ನು ನೋಡಿದರು. ಬಾಯಾರಿಗೆ ನಾಳೆಯಿಂದಲ್ಲ, ಈಗಲೇ ತರಗತಿಗೆ ಹೋಗಿ ಎಂದರು. ಬಾಯಾರು ನನ್ನನ್ನು ನೋಡಲಿಲ್ಲ. ಪುಸ್ತಕ ಎತ್ತಿಕೊಂಡು ನಡೆದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹುಡುಗಿಯರು ಒಟ್ಟಿಗೆ ಮಗ್ಗಿ ಹೇಳುವ ದನಿ ಬಂತು.

ಹೊರಗೆ ಶಾಲೆಯ ಕಟ್ಟೆಯ ಮೇಲೆ ಮುದುಕಿ ಕುಳಿತಿದ್ದಳು. ನಾನು ಬಗ್ಗಿ ಅವಳ ಕಾಲು ಮುಟ್ಟಲು ಹೋದೆ. ಅವಳು ಕಾಲು ಸೀರೆಯೊಳಗೆ ಎಳೆದುಕೊಂಡಳು.

"ಏಳ್ರಿ. ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಮಗಳ ಮಾರಿ ನೆಟ್ಟಗಾತು, ಕೆಲಸ ಉಳೀತು." ಸೆರಗು ಸರಿಮಾಡಿಕೊಂಡು ಹೇಳಿದಳು: "ಹನ್ನೊಂದು ದಿನ ಆಕಿ ನನ್ನ ಕೂಡ ಮಾತಾಡಲಿಲ್ರಿ. ನನ್ನಂಥಾಕಿ ಹತ್ರ ಎಷ್ಟು ದಿನಾ ಉಳದಾವಂತ ತಿಳದೀರಿ? ಆ ಹನ್ನೊಂದ ನೀವು ಎಲ್ಲಿಂದ ತಂದು ಕೊಡ್ತೀರಿ?"

ನಾನು ಎದ್ದು ಕೈ ಮುಗಿದೆ.

"ಹೋಗ್ರಿ," ಎಂದಳು ಮುದುಕಿ. "ನಿಮ್ಮ ಗಾಡಿ ಹೊತ್ತಾತು."